ಹಳದಿ ಪಟ್ಟಿಯ ನಡುವಿನ ಕಪ್ಪು ಗೆರೆ

ಕಳೆದ ತಿಂಗಳು ಮಗಳು ಕೆಟಲಿನ ತಳಕ್ಕೆ ಕಟ್ಟಿದ್ದ ಸುಣ್ಣ ತೆಗೆಯಲು ವಿನೆಗರ್ ಸುರಿದು ಕುದಿಸಿದಳು. ಪುಣೆಯ ಹಿಂಜವಾಡಿಯ ನಮ್ಮ ಫ್ಲ್ಯಾಟಿನಲ್ಲಿ ಕಿಟಕಿ ತೆರೆದರೆ ಕಂಪನಿ ಗಾಡಿಗಳ ಹೊಗೆ, ಮುಚ್ಚಿದರೆ ಅಡುಗೆಮನೆಯ ವಾಸನೆ. ಅವತ್ತು ಮುಚ್ಚಿತ್ತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬೆರಳುಗಳು ತಾವಾಗಿಯೇ ಒಂದಕ್ಕೊಂದು ಉಜ್ಜಿಕೊಂಡವು. ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿ ಎರಡನೆಯ ತಟ್ಟೆಯ ನೀರಿಗೆ ಇದೇ ವಾಸನೆ ಇರುತ್ತಿತ್ತು. ಕೈ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

“ಯಾಕಪ್ಪಾ, ವಾಸನಿ ತಡಿಯೂದಿಲ್ಲೇನು?” ಎಂದು ಮಗಳು ಕೇಳಿದಳು.

ಹೂಂ ಎಂದು ಬಾಲ್ಕನಿಗೆ ಹೋಗಿ ಕೂತೆ. ಮಾಸ್ತರರು ನೆನಪಾಗಿದ್ದರು… ನೆನಪಾದರು ಎನ್ನುವುದೂ ಸರಿಯಲ್ಲವೇನೋ. ಮರೆತಿದ್ದರಲ್ಲವೆ ನೆನಪಾಗುವುದು.

ಮೆಟ್ರಿಕ್ ಮುಗಿಸಿ ಪುಣೆಗೆ ಬಂದವನು ನಾನು. ಸದಾಶಿವ ಪೇಠೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದೆ. ಮಾಲೀಕ ಮರಾಠಿಯವನು, ಕೋಪಿಷ್ಠ, ಆದರೆ ಕೆಲಸ ಕಲಿಸಿದ. ನನ್ನ ಕೆಲಸ ನೆಗೆಟಿವ್ ತಿದ್ದುವುದು. ಇಳಿಜಾರು ಗಾಜಿನ ಹಲಗೆಯ ಮೇಲೆ ನೆಗೆಟಿವ್ ಇಟ್ಟು, ಕೆಳಗಿನ ಕನ್ನಡಿಯಿಂದ ಕಿಟಕಿಯ ಬೆಳಕು ಹಾಯಿಸಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಮುಟ್ಟಿಯೂ ಮುಟ್ಟದ ಹಾಗೆ ಗೀಚುವುದು. ನೆಗೆಟಿವಿನಲ್ಲಿ ಎಲ್ಲ ಉಲ್ಟಾ. ಮುಖದ ಮೇಲಿನ ಮಚ್ಚೆ, ಸಿಡುಬಿನ ಕಲೆ ಅಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಅದನ್ನು ಪೆನ್ಸಿಲ್ಲಿನಿಂದ ತುಂಬಿಬಿಟ್ಟರೆ ಪ್ರಿಂಟಿನಲ್ಲಿ ಕಲೆ ಮಾಯ. ಮದುವೆ ಗೊತ್ತು ಮಾಡಲು ಕಳಿಸುವ ಫೋಟೋಗಳೆಲ್ಲ ನನ್ನ ಕೈಯಿಂದಲೇ ಹಾದುಹೋಗುತ್ತಿದ್ದವು. ಮಾಲೀಕ ಗಿರಾಕಿಗಳಿಗೆ ನನ್ನನ್ನು ‘ನಮ್ಮ ಡಾಕ್ಟರ್’ ಎಂದೇ ಪರಿಚಯಿಸುತ್ತಿದ್ದ. ಒಮ್ಮೆ ಗಂಡಿನ ಕಡೆಯ ಕನ್ನಡದವನೊಬ್ಬ ಫೋಟೋ ಹಿಡಿದುಕೊಂಡು ಅಂಗಡಿಗೇ ಬಂದು, “ಹುಡುಗಿ ನೋಡಿ ಬಂದಿವಿ. ಈ ಫೋಟೋದಾಗಿನಾಕಿ ಎಲ್ಲಿದ್ದಾಳ, ಅದನ್ನಷ್ಟ ಹೇಳ್ರಿ” ಎಂದಿದ್ದ.

ನಮ್ಮಲ್ಲಿ ಎರಡು ಮಾತು ಬಳಕೆಯಲ್ಲಿದ್ದವು. ಮುಖ ತಿದ್ದುವುದಕ್ಕೆ ‘ಟಚಿಂಗ್’ ಎನ್ನುತ್ತಿದ್ದೆವು. ಗಿರಾಕಿ ಒಪ್ಪಿದರೆ ಮಾತ್ರ ಮಾಡುವುದು. ಫಿಲ್ಮಿನ ಮೇಲೆ ನಮ್ಮ ಕೈತಪ್ಪಿನಿಂದ ಬಿದ್ದ ಗೀರು, ಧೂಳಿನ ಚುಕ್ಕೆ ಮುಚ್ಚುವುದು ‘ಭರಾಯಿ’. ಅದಕ್ಕೆ ಯಾರನ್ನೂ ಕೇಳುತ್ತಿರಲಿಲ್ಲ, ಯಾರಿಗೂ ಹೇಳುತ್ತಿರಲಿಲ್ಲ.

ಮಾಸ್ತರರು ಹತ್ತಿರದ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಧಾರವಾಡದ ಕಡೆಯವರು. ಶಾಲೆಯ ವಾರ್ಷಿಕ ಗ್ಯಾದರಿಂಗಿನ ಫೋಟೋ ಒಯ್ಯಲು ಬಂದಾಗ ನಾನು ಬಾಯೊಳಗೇ ಕನ್ನಡದಲ್ಲಿ ಎಣಿಸುವುದನ್ನು ಕೇಳಿ, “ಯಾವೂರ್ರಿ ನಿಮ್ಮದು?” ಎಂದರು. ಅಂದಿನಿಂದ ಸಂಜೆ ಸೈಕಲ್ಲನ್ನು ಅಂಗಡಿಯ ಕಟ್ಟೆಗೆ ಒರಗಿಸಿ ಬೆಂಚಿನ ಮೇಲೆ ಕೂರುವುದು ರೂಢಿಯಾಯಿತು. ತೋಳಿಗೆ ಸದಾ ಬಣ್ಣದ ಸೀಮೆಸುಣ್ಣದ ಪುಡಿ. ಏನನ್ನೇ ನೋಡುವಾಗಲೂ ಒಂದು ಕಣ್ಣು ಮುಚ್ಚಿ ನೋಡುವ ಅಭ್ಯಾಸ. ರವಿವಾರ ಬೆಳಿಗ್ಗೆ ವೇತಾಳ ಟೇಕಡಿಗೋ ಪರ್ವತಿ ಗುಡ್ಡಕ್ಕೋ ಹೋಗಿ ಹಕ್ಕಿಗಳ ಚಿತ್ರ ಬರೆದು ತರುತ್ತಿದ್ದರು. ಮಾಲೀಕನಿಗೆ ಗೊರವಂಕದ ಚಿತ್ರ ತೋರಿಸಿದರೆ ಅವನು, “ಇದು ಸಾಳುಂಕಿ, ನನ್ನ ಮನೆಯ ಕಿಟಕಿಯ ಸಜ್ಜಾದ ಮೇಲೇ ಕೂರುತ್ತದೆ, ಇದಕ್ಕೆ ಗುಡ್ಡ ಹತ್ತಬೇಕೆ?” ಎಂದು ಮರಾಠಿಯಲ್ಲಿ ನಗುತ್ತಿದ್ದ.

ನಮ್ಮ ಸ್ಟುಡಿಯೋದ ಗೋಡೆಯ ಮೇಲೆ ಒಂದು ಹಳೆಯ ಇಂಗ್ಲಿಷ್ ಚಿತ್ರ ತೂಗುತ್ತಿತ್ತು. ಮಾಲೀಕ ಚೌಕಟ್ಟು ಚೆನ್ನಾಗಿದೆಯೆಂದು ಹಳೆ ಸಾಮಾನು ಮಾರುವ ಜೂನಾ ಬಜಾರಿನಿಂದ ತಂದದ್ದು. ಹೊಳೆಯುವ ಕಪ್ಪು ಮೈ, ಕಿತ್ತಳೆ ಕೊಕ್ಕು, ಕಣ್ಣ ಕೆಳಗಿನಿಂದ ಹಿಂದಲೆಯವರೆಗೆ ಒಂದೇ ಹಳದಿ ಚರ್ಮದ ಪಟ್ಟಿ. ಬೆಟ್ಟದ ಮೈನಾ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಗ್ರ್ಯಾಕಲ್’ ಎಂದು ಅಚ್ಚಾಗಿತ್ತು. ಮಾಸ್ತರರಿಗೆ ಆ ಚಿತ್ರದ ಮೇಲೆ ಭಾರಿ ಸಿಟ್ಟು.

“ಬರದಾಂವ ಇದನ್ನ ಜೀವಂತ ನೋಡೇ ಇಲ್ಲ ನೋಡ್ರಿ. ಸತ್ತ ಹಕ್ಕಿ ಚರ್ಮ ಹಡಗಿನ್ಯಾಗ ಹೋಗೇದ. ಒಣಗಿದ ಮ್ಯಾಲ ಆ ಹಳದಿ ತೊಗಲು ಮುದುಡತದ, ಬಣ್ಣ ಹೋಗತದ. ಆಮ್ಯಾಲ ಅಂವ ತನಗ ತಿಳಿದಂಗ ಹಳದಿ ಹಚ್ಚ್ಯಾನ. ನಮ್ಮ ದಾಂಡೇಲಿ ಹಕ್ಕಿಗೆ ಎರಡು ತುಂಡು ಇರತಾವ. ನಡುವ ಕರೀ ಗೆರಿ.”

ಅವರು ಸಣ್ಣವರಿದ್ದಾಗ ದಾಂಡೇಲಿ ಕಾಡಿನಲ್ಲಿ ನೋಡಿದ್ದರಂತೆ. ಅಷ್ಟೇ ಅಲ್ಲ, ನಮ್ಮ ಸ್ಟುಡಿಯೋದಿಂದ ಎರಡು ಓಣಿ ಆಚೆ ವಿಜಾಪುರದ ಕಡೆಯ ಕಾಳಿನ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಅದೇ ಕಾಡಿನಿಂದ ತಂದ ಹಕ್ಕಿಯೊಂದು ಪಂಜರದಲ್ಲಿತ್ತು. ಬಂದವರಿಗೆಲ್ಲ “ಬರ್ರಿ, ಕೂಡ್ರಿ” ಎನ್ನುತ್ತಿತ್ತು, ಆಮೇಲೆ ಆ ವ್ಯಾಪಾರಿಯ ಹಾಗೆಯೇ ಕೆಮ್ಮುತ್ತಿತ್ತು. ಆಗ ಹಾಗೆ ಸಾಕುವುದು ಸಾಮಾನ್ಯವಾಗಿತ್ತು. ಮಾಸ್ತರರು ಅದನ್ನು ಗಂಟೆಗಟ್ಟಲೆ ನೋಡಿದ್ದರು.

ಆ ವರ್ಷ ಪುಣೆಯ ಒಬ್ಬ ಪ್ರಕಾಶಕರು ಮಕ್ಕಳಿಗಾಗಿ ಹಕ್ಕಿಗಳ ಚಿತ್ರಪುಸ್ತಕ ತರುವವರಿದ್ದರು. ಚಿತ್ರಗಳೆಲ್ಲ ಮಾಸ್ತರರವು. ಬೆಟ್ಟದ ಮೈನಾ ಒಂದಕ್ಕೆ ತಕರಾರು ಬಂತು. ಎಲ್ಲ ಹಳೆಯ ಚಿತ್ರಗಳಲ್ಲಿ ಪಟ್ಟಿ ಒಂದೇ ಇದೆ, ನೀವು ಎರಡು ಬರೆದಿದ್ದೀರಿ, ಜನ ನಗುತ್ತಾರೆ ಎಂದರಂತೆ. ಮಾಸ್ತರರು ಪಟ್ಟು ಬಿಡಲಿಲ್ಲ. ಫೋಟೋ ತೆಗೆಸಿ ತೋರಿಸುತ್ತೇನೆ, ಫೋಟೋ ಹೇಳಿದಂತೆ ಅಚ್ಚು ಹಾಕಿ ಎಂದು ಮಾತು ಕೊಟ್ಟು ಬಂದರು.

ಮಾಲೀಕನೇ ಕ್ಯಾಮೆರಾ ಒಯ್ದು ಹಕ್ಕಿಯ ಫೋಟೋ ತೆಗೆದ. ಹಕ್ಕಿ ಒಂದು ಕ್ಷಣ ಸುಮ್ಮನಿರುವುದಲ್ಲ. ರೋಲೆಲ್ಲ ಅಲುಗಾಡಿದ ತಲೆಗಳು. ಒಂದೇ ಒಂದು ನೆಗೆಟಿವ್ ಸ್ಪಷ್ಟವಾಗಿತ್ತು. ಅದನ್ನು ಹಲಗೆಯ ಮೇಲೆ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಕಣ್ಣ ಹಿಂದಿನ ಪಟ್ಟಿಗೆ ಅಡ್ಡವಾಗಿ ಸಣ್ಣದೊಂದು ಬಿಳಿ ಗೆರೆ. ಹಿಂದಿನ ವಾರವಷ್ಟೇ ಯಾರದೋ ಮದುವೆಯ ನೆಗೆಟಿವ್ ಗೀರಿದ್ದಕ್ಕೆ ಮಾಲೀಕ ಗಿರಾಕಿಗಳ ಎದುರೇ ನನ್ನನ್ನು ಬೈದಿದ್ದ, ಇನ್ನೊಂದು ಗೀರು ಕಂಡರೆ ಊರಿಗೆ ಹೋಗು ಎಂದಿದ್ದ. ನನಗೆ ಕಂಡದ್ದು ಗೀರು. ತಲೆಯೆತ್ತಿದರೆ ಗೋಡೆಯ ಮೇಲಿನ ಚಿತ್ರದಲ್ಲಿ ಪಟ್ಟಿ ಒಂದೇ ಇತ್ತು. ಪೆನ್ಸಿಲ್ ಚೂಪು ಮಾಡಿ ತುಂಬಿಬಿಟ್ಟೆ.

ಮಾಸ್ತರರ ಮಾತು ಆಗ ನೆನಪಿರಲಿಲ್ಲವೇ ಎಂದು ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರು ಮಾತಾಡುವಾಗ ನಾನು ಯಾರದೋ ಮುಖ ತಿದ್ದುತ್ತಿರುತ್ತಿದ್ದೆ. ಹೂಂಗುಟ್ಟುತ್ತಿದ್ದೆ. ಗೆರೆ ಎಲ್ಲಿ, ಏನು ಎಂದು ಕಿವಿಗೊಟ್ಟಿರಲಿಲ್ಲ…

ಮಾಸ್ತರರು ಬಂದು ಪ್ರಿಂಟ್ ಕೈಗೆ ತೆಗೆದುಕೊಂಡರು. “ಭಾಳ ಸ್ವಚ್ಛ ಬಂದದರಿ” ಎಂದರು. ಆಮೇಲೆ ಒಂದು ಕಣ್ಣು ಮುಚ್ಚಿದರು. ಅದನ್ನು ತೆರೆದು ಇನ್ನೊಂದನ್ನು ಮುಚ್ಚಿದರು. ಬಾಗಿಲ ಬೆಳಕಿಗೆ ಹೋಗಿ ನಿಂತರು. ಆ ಹೊತ್ತಿಗೆ ನನಗೆ ತಿಳಿದುಹೋಗಿತ್ತು.

ತಿರುಗಿ ಬಂದು ಮೆಲ್ಲಗೆ ಕೇಳಿದರು, “ಇದಕ್ಕ ಟಚಿಂಗ್ ಏನರೆ ಮಾಡೀರೇನು?”

ಮಾಲೀಕ ಅಲ್ಲೇ ಕೂತಿದ್ದ. ಕನ್ನಡ ಬಾರದಿದ್ದರೂ ‘ಟಚಿಂಗ್’ ಎಂಬ ಮಾತು ಕೇಳಿ ನನ್ನತ್ತ ನೋಡಿದ.

“ಇಲ್ರಿ” ಎಂದೆ.

ಟಚಿಂಗ್ ಮನುಷ್ಯರ ಮುಖಕ್ಕೆ ಮಾಡುವುದು, ನಾನು ಮಾಡಿದ್ದು ಭರಾಯಿ, ಹಾಗಾಗಿ ಸುಳ್ಳಾಡಲಿಲ್ಲ ಎಂದು ಆ ಹೊತ್ತು ಮನಸ್ಸಿಗೆ ಹೇಳಿಕೊಂಡೆ. ಅನೇಕ ವರ್ಷ ಅದನ್ನೇ ಹೇಳಿಕೊಂಡೆ. ಅವರು ಹೋದ ಮೇಲೆ ನೆಗೆಟಿವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಫಿಲ್ಮಿನ ಮೇಲೆ ಗೀರೇ ಇರಲಿಲ್ಲ. ನಾನು ಮುಚ್ಚಿದ್ದು ಹಕ್ಕಿಯ ಕಪ್ಪು ಗರಿಗಳನ್ನು. ಹತ್ತಿಗೆ ಒಂದು ಹನಿ ಟರ್ಪಂಟೈನ್ ಹಚ್ಚಿ ಒರೆಸಿದ್ದರೆ ಪೆನ್ಸಿಲ್ ಹೋಗುತ್ತಿತ್ತು, ಇನ್ನೊಂದು ಪ್ರಿಂಟ್ ತೆಗೆಯಬಹುದಿತ್ತು. ಶೀಶೆ ಕೈಯಳತೆಯಲ್ಲಿಯೇ ಇತ್ತು. ನಾಳೆ ಮಾಡಿದರಾಯಿತು ಎಂದುಕೊಂಡು ನೆಗೆಟಿವನ್ನು ಲಕೋಟೆಗೆ ಹಾಕಿಬಿಟ್ಟೆ.

ಮರುದಿನ ಮಾಸ್ತರರು ಬರಲಿಲ್ಲ. ಕೆಲವು ದಿನ ಬಿಟ್ಟು ಬಂದರು. ಮತ್ತೆ ಪಂಜರದ ಹತ್ತಿರ ಹೋಗಿದ್ದರಂತೆ.

“ನನಗ ಈಗೂ ಗೆರಿ ಕಾಣಸ್ತದರಿ. ಹಳೇ ಚಿತ್ರ, ಹೊಸಾ ಫೋಟೋ, ಎರಡೂ ಇಲ್ಲ ಅಂತಾವ. ಅಂದ ಮ್ಯಾಲ ಗೆರಿ ಇರೂದು ನನ್ನ ಕಣ್ಣಾಗ” ಎಂದು ನಕ್ಕರು. ಸುಮ್ಮನೆ ನಕ್ಕರು, ಯಾರ ಮೇಲೂ ಸಿಟ್ಟಿಲ್ಲದ ನಗು. ಫೋಟೋ ಸುಳ್ಳು ಹೇಳಬಹುದು ಎಂಬ ಯೋಚನೆಯೇ ಅವರಿಗೆ ಬರಲಿಲ್ಲ. ನಾನು ಕೈಯಲ್ಲಿದ್ದ ನೆಗೆಟಿವಿನ ಮೇಲೆ ಬಗ್ಗಿದೆ.

ಮಾತು ಕೊಟ್ಟಂತೆ ಅವರು ಆ ಚಿತ್ರವನ್ನು ಬೇರೆ ಬರೆದುಕೊಟ್ಟರು. ಪುಸ್ತಕ ಬಂತು. ನನ್ನ ಮಗಳು ಶಾಲೆಗೆ ಹೋಗುವಾಗ ಅದೇ ಪುಸ್ತಕ ಅವಳ ಚೀಲದಲ್ಲಿತ್ತು, ಬೆಟ್ಟದ ಮೈನಾ ಎಂದರೆ ಅವಳಿಗೆ ಇಂದಿಗೂ ಒಂದೇ ಪಟ್ಟಿಯದು. ಮಾಸ್ತರರು ಗುಡ್ಡಕ್ಕೆ ಹೋಗುವುದನ್ನು ಬಿಟ್ಟರು. ಹಕ್ಕಿ ಬರೆಯುವುದನ್ನೂ ಬಿಟ್ಟರು. ಶಾಲೆಯಲ್ಲಿ ಅಳತೆಪಟ್ಟಿ, ಕೈವಾರ ಹಿಡಿದು ಮಾಡುವ ಚಿತ್ರಗಳನ್ನಷ್ಟೇ ಕಲಿಸುತ್ತಿದ್ದರಂತೆ. ಅಂಗಡಿಗೆ ಬರುವುದು ಕಡಿಮೆಯಾಯಿತು, ಮತ್ತೆ ನಿಂತಿತು. ಆ ಹಕ್ಕಿ ಸತ್ತಿತು. ಸ್ಟುಡಿಯೋ ಮುಚ್ಚಿತು. ಮಾಸ್ತರರು ತೀರಿಕೊಂಡದ್ದು ನನಗೆ ತಿಳಿದದ್ದೇ ಎಷ್ಟೋ ದಿನಗಳ ಮೇಲೆ…

ವಿನೆಗರಿನ ವಾಸನೆ ಬಂದ ಅದೇ ವಾರ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಮೇಲಿನ ಮಹಡಿಯ ಹುಡುಗನೊಬ್ಬ ತಾನು ತೆಗೆದ ಹಕ್ಕಿಗಳ ಫೋಟೋ ಇಟ್ಟಿದ್ದ. ಮೈಸೂರು ಕಡೆಯವನು, ಸಾಫ್ಟ್‌ವೇರ್ ಕೆಲಸ, ರಜೆ ಸಿಕ್ಕರೆ ಕಾಡು. ಒಂದು ಫೋಟೋದ ಮುಂದೆ ನನ್ನ ಕಾಲು ನಿಂತಿತು. ಕಪ್ಪು ಮೈ, ಕಿತ್ತಳೆ ಕೊಕ್ಕು. ಕಣ್ಣ ಕೆಳಗೆ ಒಂದು ಹಳದಿ ತುಂಡು, ಹಿಂದಲೆಯ ಮೇಲೆ ಇನ್ನೊಂದು. ನಡುವೆ ಒಂದೊಂದು ಗರಿಯನ್ನೂ ಎಣಿಸಬಹುದಾದ ಕಪ್ಪು.

“ದಾಂಡೇಲಿಲಿ ಸಿಕ್ತು ಅಂಕಲ್” ಎಂದ ಹುಡುಗ. “ಹಳೇ ಬುಕ್ಸಲ್ಲಿ ಗ್ರ್ಯಾಕಲ್ ಅಂತಿದ್ರಂತೆ. ನಾನು ಆ ಹೆಸರಲ್ಲಿ ಸರ್ಚ್ ಮಾಡಿದ್ರೆ ಬರೀ ಅಮೆರಿಕದ್ದು ಯಾವುದೋ ಕಪ್ಪು ಹಕ್ಕಿ ಬರುತ್ತೆ. ಅದೇ ಬೇರೆ, ಇದೇ ಬೇರೆ.”

“ಈ ಗೆರೆ…”

“ಅದೇ ಅಂಕಲ್ ಐಡೆಂಟಿಟಿ. ನಾರ್ತ್ ಈಸ್ಟ್ ಕಡೇದಕ್ಕೆ ಪಟ್ಟಿ ಜಾಯಿನ್ ಆಗಿರುತ್ತೆ. ನಮ್ಮದಕ್ಕೆ ಗ್ಯಾಪ್.”

ಅವನಿಗೆ ನಡೆದದ್ದನ್ನು ಹೇಳಿದೆ. ಪೂರ್ತಿ ಕೇಳಿದ. ಕೊನೆಗೆ, “ಆದ್ರೆ ಆಗ ಫೋಟೋಶಾಪ್ ಇರಲಿಲ್ವಲ್ಲ ಅಂಕಲ್” ಎಂದ.

“ಇರಲಿಲ್ಲ. ನಾನಿದ್ದೆ” ಎಂದೆ. ಅವನು ತನ್ನ ಮೊಬೈಲ್ ತೆಗೆದ. ಫೋಟೋವನ್ನು ನನ್ನ ಮೊಬೈಲಿಗೆ ಕಳಿಸಿಕೊಟ್ಟ.

ಮಾಸ್ತರರ ಮಗಳು ಸ್ವಾರಗೇಟಿನ ಹತ್ತಿರ ಇರುವುದು ನನಗೆ ಮೊದಲೇ ಗೊತ್ತಿತ್ತು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಕನ್ನಡದವರ ಕಾರ್ಯಕ್ರಮಗಳಲ್ಲಿ ಎದುರಾದರೆ ನಮಸ್ಕಾರ ಹೇಳಿ ಸರಿದುಬಿಡುತ್ತಿದ್ದೆ. ಈ ಸಲ ಬಸ್ಸು ಹತ್ತಿ ಅವರ ಮನೆಗೇ ಹೋದೆ. ಗೆರೆ, ಪೆನ್ಸಿಲ್, ‘ಇಲ್ರಿ’, ಎಲ್ಲವನ್ನೂ ಹೇಳಿದೆ.

“ಅಪ್ಪಾರು ಕಣ್ಣಿನ ಡಾಕ್ಟರ ಕಡೆ ಎಷ್ಟು ಸಲ ಹೋದ್ರು ಗೊತ್ತದೇನ್ರಿ ನಿಮಗ?” ಎಂದರು. “ಏನೂ ಇಲ್ಲ ಅಂತ ಡಾಕ್ಟರ್ ಹೇಳಿದ್ರ ಇವರು ನಂಬತಿದ್ದಿಲ್ಲ. ಒಂದಿನ ನನ್ನ ಆ ಹಕ್ಕಿ ಇದ್ದ ಕಾಳಿನ ಅಂಗಡಿಗೆ ಕರಕೊಂಡು ಹೋದ್ರು. ನಾ ಸಣ್ಣಾಕಿ. ನಿನಗ ಗೆರಿ ಕಾಣಸ್ತದೇನು ಅಂತ ಕೇಳಿದ್ರು. ಕಾಣಸ್ತದ ಅಂದೆ.”

ಮುಂದಿನ ಮಾತನ್ನು ಅಪ್ಪನ ದನಿಯಲ್ಲೇ ಹೇಳಿದರು.

“‘ಅಯ್ಯ, ನಿನಗೂ ನನ್ನ ಕಣ್ಣ ಬಂದಾವಲ್ಲ’ ಅಂದ್ರು. ಮರುದಿನಾ ನನ್ನೂ ಡಾಕ್ಟರ ಕಡೆ ಕರಕೊಂಡು ಹೋದ್ರು. ನಾ ಚಲೋ ಚಿತ್ರ ಬರೀತಿದ್ದೆರಿ. ಕಣ್ಣಿಗೆ ತ್ರಾಸ ಆಗತದ ಅಂತ ಬಣ್ಣದ ಪೆಟ್ಟಿಗಿ ಎತ್ತಿಟ್ಟುಬಿಟ್ರು. ಮುಂದ ಯಾರೂ ಕೆಳಗ ಇಳಿಸಲಿಲ್ಲ.”

ಈ ಸಂಗತಿ ನನಗೆ ಗೊತ್ತಿರಲಿಲ್ಲ. ಒಬ್ಬರ ಕಣ್ಣು ಕೆಡಿಸಿದ್ದೇನೆ ಎಂದು ಇಷ್ಟು ವರ್ಷ ತಿಳಿದಿದ್ದೆ. ಮೊಬೈಲ್ ತೆಗೆದು ಹುಡುಗನ ಫೋಟೋವನ್ನು ಅವರ ಮುಂದೆ ಹಿಡಿದೆ. ಅವರು ಕನ್ನಡಕ ಹಣೆಯ ಮೇಲೇರಿಸಿ, ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ಥೇಟ್ ಮಾಸ್ತರರೇ.

“ಅದ” ಎಂದರು. ಯಾರಿಗೆ ಹೇಳಿದರೋ. “ಗೆರಿ ಅದ.”