ಮೇಲಿನ ಹಾಳೆ

ಬಳಗಾನೂರು ಕಡೆ ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂತೆಂದರೆ ನಮ್ಮ ಮನೆಯಲ್ಲಿ ಅವ್ವನ ಧ್ವನಿ ಏರುತ್ತಿತ್ತು. ಓಣಿಯ ಹೆಣ್ಣುಮಕ್ಕಳ ಭತ್ತದ ನಾಟಿ ಗುಂಪಿಗೆ ಅವಳೇ ಮುಂದಾಳು. ಯಾರ ಗದ್ದೆಗೆ ಮೊದಲು ಇಳಿಯಬೇಕು, ಎಕರೆಗೆ ಎಷ್ಟು ಕೇಳಬೇಕು, ಯಾರ ಬಸುರಿ ಸೊಸೆಯನ್ನು ಈ ಸಲ ಮನೆಯಲ್ಲಿ ಬಿಡಬೇಕು, ಎಲ್ಲ ಅವಳದೇ ತೀರ್ಮಾನ. ಓದು ಬರಹ ಬರುವುದಿಲ್ಲ. ಅವಳಿಗೆ ಕರಾರು ಎಂದರೆ ಎಲೆ ಅಡಿಕೆ. ಮಾತು ಕುದುರಿದ ಮೇಲೆ ಹೊಲದವರು ಎಲೆ ಅಡಿಕೆ ಕೊಡಬೇಕು, ಅವ್ವ ಅದನ್ನು ಬಾಯಿಗೆ ಹಾಕಿಕೊಳ್ಳಬೇಕು. ಆಮೇಲೆ ಪಕ್ಕದ ಹೊಲದವನು ಹೆಚ್ಚು ಕೊಡುತ್ತೇನೆಂದರೂ ಹೋಗುತ್ತಿರಲಿಲ್ಲ. "ಎಲಿ ತಗೊಂಡೀನಿ" ಎಂದರೆ ಮುಗಿಯಿತು. ಆ ಹಟದಿಂದ ಲುಕ್ಸಾನೂ ಆಗಿದೆ. ನಾನು ಬಿ.ಎಡ್. ಓದುವಾಗ ಅದಕ್ಕಾಗಿ ಅವಳೊಂದಿಗೆ ಜಗಳವಾಡಿದ್ದೇನೆ.

ಕೆಲವು ವರ್ಷಗಳಿಂದ ಬಂಗಾಳ, ಬಿಹಾರದ ಗುಂಪುಗಳು ನಾಟಿಗೆ ಬರತೊಡಗಿದ್ದವು. ಗಂಡ ಹೆಂಡತಿ ಇಬ್ಬರೂ ಗದ್ದೆಗಿಳಿದು ಹಗ್ಗ ಹಿಡಿದು ಸಾಲು ಹೊಡೆಯುತ್ತಿದ್ದರು, ನಮ್ಮವರಿಗಿಂತ ಕಡಿಮೆಗೆ. ಒಂದು ಪಕ್ಷದವರು ಮಸ್ಕಿಯಲ್ಲಿ ಮೈಕು ಹಚ್ಚಿ, ಹೊರಗಿನವರು ನಮ್ಮ ಕೂಲಿ ಕಸಿದರು ಎಂದು ಕೂಗುತ್ತಿದ್ದರು. ಅದೇ ಪಕ್ಷದ ಜಮೀನುದಾರನೊಬ್ಬನ ಪಂಪ್‌ಹೌಸಿನಲ್ಲೇ ಆ ಹೊರಗಿನವರು ಅನ್ನ ಬೇಯಿಸಿಕೊಳ್ಳುತ್ತಿದ್ದರು. ಇನ್ನೊಂದು ಪಕ್ಷದವರು ದುಡಿಯುವವರೆಲ್ಲ ಒಂದೇ ಎನ್ನುತ್ತಿದ್ದರು. ಕೂಲಿ ಹೆಚ್ಚಿಸುವ ಮಾತು ಬಂದ ಕೂಡಲೇ ಅವರಲ್ಲೇ ಎರಡು ಬಣವಾಗುತ್ತಿತ್ತು. ನಮ್ಮ ಓಣಿಯೂ ಒಡೆಯಿತು. ಒಂದೇ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ನೆಗೆಣ್ಣಿಯರು, ಗಂಡಂದಿರ ಪಕ್ಷ ಬೇರೆ ಬೇರೆ ಎಂದು ನಲ್ಲಿಯ ಹತ್ತಿರ ಮುಖ ತಿರುಗಿಸುತ್ತಿದ್ದರು. ನನಗೆ ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಅವ್ವ ಯಾವ ಸಭೆಗೂ ಹೋಗಲಿಲ್ಲ. ಒಂದು ಸಂಜೆ ಸೊಂಟಕ್ಕೆ ಎಲೆ ಅಡಿಕೆ ಚೀಲ ಸಿಕ್ಕಿಸಿಕೊಂಡು ಸೀದಾ ಆ ಪಂಪ್‌ಹೌಸಿಗೆ ನಡೆದಳು. ಅಲ್ಲಿದ್ದ ಬಂಗಾಳಿ ಗುಂಪಿನ ಮುಂದಾಳು ಒಬ್ಬ ಗಂಡಸು, ಆದರೆ ಮಾತಾಡುವವಳು ಅವನ ಹೆಂಡತಿ. ಅವ್ವನಿಗೆ ನಮ್ಮ ಕಡೆಯ ತುರುಕ ಮಾತು, ಅಂದರೆ ಉರ್ದು, ಬರುತ್ತದೆ, ಆ ಹೆಂಗಸಿಗೆ ಒಂದಿಷ್ಟು ಹಿಂದಿ. "ಹಮಾರಾ ತುಮಾರಾ ಏಕ್ ರೇಟ್" ಎಂದು ಅವ್ವ ಎರಡು ಬೆರಳು ಜೋಡಿಸಿ ತೋರಿಸಿದಳಂತೆ. ಎರಡೂ ಗುಂಪು ಒಂದೇ ಕೂಲಿ ಕೇಳಬೇಕು, ಅದಕ್ಕಿಂತ ಕಡಿಮೆಗೆ ಯಾರೂ ಗದ್ದೆಗಿಳಿಯಬಾರದು. ಆ ಹೆಂಗಸು ಗಂಡನ ಮುಖ ನೋಡಿ ಎಲೆ ತೆಗೆದುಕೊಂಡಳು. ಅವ್ವ ಮನೆಗೆ ಬಂದಾಗ ಅವಳಿಗೆ ಹರೆಯ ಮರಳಿದ ಹಾಗಿತ್ತು. ಅವರಿಗೆ ನೀರು ತುಂಬಲು ಕೊಡ ಇಲ್ಲವೆಂದು ನಮ್ಮ ಸ್ಟೀಲಿನ ಕೊಡವನ್ನೂ ಕೊಟ್ಟು ಬಂದಿದ್ದಳು.

ಮರುದಿನ ತಹಶೀಲ್ದಾರ ಕಚೇರಿಗೆ ಅರ್ಜಿ ಬರೆಯಲು ನನ್ನನ್ನು ಕೂರಿಸಿದಳು. "ನಮಗೂ ಅವರಿಗೂ ಒಂದs ಕೂಲಿ ಕೊಡಸ್ರಿ ಅಂತ ಬರಿ. ಹೆಚ್ಚಿಗಿ ಏನೂ ಬರೀಬ್ಯಾಡ." ನಾನು ಹಾಗೆಯೇ ಬರೆದೆ. ಮೊದಲ ಹಾಳೆಯಲ್ಲಿ ಒಕ್ಕಣೆ, ಎರಡನೆಯದರಲ್ಲಿ ಓಣಿಯ ಹೆಂಗಸರ ಹೆಬ್ಬೆಟ್ಟು. ಎರಡೂ ಪಕ್ಷದ ಮನೆಯವರು ಒತ್ತಿದರು. ಮುಖ ತಿರುಗಿಸುತ್ತಿದ್ದ ಆ ನೆಗೆಣ್ಣಿಯರು ಒಂದೇ ಶಾಯಿ ಡಬ್ಬಿಗೆ ಬೆರಳು ಅದ್ದಿದರು.

ನಾನಾಗ ಲಿಂಗಸುಗೂರಿನ ಆಚೆ ಒಂದು ಸರಕಾರಿ ಶಾಲೆಯಲ್ಲಿದ್ದೆ. ಮಸ್ಕಿಯಲ್ಲಿ ಬಸ್ಸು ಬದಲಿಸಿ ದಿನಾ ಹೋಗಿ ಬರುವುದರಲ್ಲಿ ಬೆನ್ನು ಬಿದ್ದುಹೋಗಿತ್ತು. ಊರ ಹತ್ತಿರದ ಶಾಲೆಗೆ ವರ್ಗ ಕೇಳಿ ಅಲೆಯುತ್ತಿದ್ದೆ. ಅರ್ಜಿಯನ್ನು ಕಚೇರಿಗೆ ಕೊಡುವ ಮುಂಚೆ, ಹೊರಗಿನವರ ವಿರುದ್ಧ ಮೈಕಿನಲ್ಲಿ ಕೂಗುತ್ತಿದ್ದ ಪಕ್ಷದ ಮುಖಂಡನಿಗೆ ತೋರಿಸಿದೆ. ಅವನು ಹೇಳಿದರೆ ಕೆಲಸ ಬೇಗ ಆಗುತ್ತದೆ ಎಂಬ ಲೆಕ್ಕ ನನ್ನದು. ಅವನು ಓದಿ ನಕ್ಕ.

"ಅಕ್ಕಾರ, ಇದನ್ನ ಯಾರು ಕೇಳ್ತಾರ್ರೀ? ಹೊರಗಿನವರನ್ನ ಊರು ಬಿಡಸ್ರಿ ಅಂತ ಬರೀರಿ. ಪೇಪರ್‍ನ್ಯಾಗ ಬರ್ತದ. ನಿಮ್ಮ ವರ್ಗದ ಮಾತೂ ಮ್ಯಾಲ ಹಾಕೀನಿ, ಫಿಕರ್ ಮಾಡಬ್ಯಾಡ್ರಿ."

ಅವನ ಟೇಬಲ್ಲಿನ ಮೇಲೇ ಮೊದಲ ಹಾಳೆ ಬದಲಿಸಿದೆ. ಹೆಬ್ಬೆಟ್ಟಿನ ಹಾಳೆಯನ್ನು ಮುಟ್ಟಲೇ ಇಲ್ಲ. ಹೊರಗಿನವರು ಹೋದರೆ ಅವ್ವನ ಕೂಲಿ ತಾನೇ ಏರುತ್ತದೆ, ಇದರಲ್ಲಿ ಮೋಸವೇನು ಬಂತು ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಮಕ್ಕಳಿಗೆ ಪರೀಕ್ಷೆಯಲ್ಲಿ ನಕಲು ಮಾಡಬೇಡಿ ಎಂದು ಕಿವಿ ಹಿಂಡುವವಳು ನಾನು.

ವಾರದೊಳಗೆ ಹೆಬ್ಬೆಟ್ಟಿನ ಹಾಳೆಯ ಫೋಟೋ ಸಮೇತ ಪೇಪರಿನಲ್ಲಿ ಬಂತು. ಪಕ್ಷದ ಹುಡುಗರು ಪಂಪ್‌ಹೌಸಿಗೆ ನುಗ್ಗಿ, ಆ ಪೇಪರು ತೋರಿಸಿ ಆಧಾರ್ ಕಾರ್ಡು ಕೇಳಿದರು, ಊರು ಬಿಡಿ ಎಂದರು. ಜಮೀನುದಾರ ಅಡ್ಡ ಬರಲಿಲ್ಲ. ಎರಡು ಗುಂಪು ಸೇರಿ ಒಂದೇ ಕೂಲಿ ಕೇಳಿದ್ದು ಅವನಿಗೂ ಬೇಕಿರಲಿಲ್ಲ. ಮರುದಿನ ಬೆಳಿಗ್ಗೆ ಆ ಬಂಗಾಳಿ ಹೆಂಗಸು ನಮ್ಮ ಬಾಗಿಲಿಗೆ ಬಂದಳು. ಕೊಡವನ್ನು ಕಟ್ಟೆಯ ಮೇಲಿಟ್ಟು ತನ್ನ ಹೆಬ್ಬೆರಳು ಎತ್ತಿ ತೋರಿಸಿದಳು.

"ಅಮ್ಮಾ, ತುಮ್ ಅಂಗೂಠಾ ದಿಯಾ" ಎಂದಳು. ಹೊರಟುಹೋದಳು.

ಅವ್ವನಿಗೆ ಅರ್ಥವಾಗಲಿಲ್ಲ. ನಾನು ತಲೆ ಬಾಚಿಕೊಳ್ಳುತ್ತಾ ಒಳಗೇ ನಿಂತೆ. ಪೇಪರಿನಲ್ಲಿ ಏನೋ ಬಂದಿದೆ ಎಂದು ಓಣಿಯಲ್ಲಿ ಕೇಳಿ ಅವ್ವ ಮೂಲೆಯ ಚಹಾದಂಗಡಿಗೆ ಹೋಗಿ ಅದನ್ನು ಓದಿಸಿದಳು. ಅಂಗಡಿಯವನಿಂದ ಎರಡು ಸಲ ಓದಿಸಿ ಬಂದು ನನ್ನೆದುರು ನಿಂತಳು.

"ಹೊರಗಿನವರನ್ನ ಓಡಸ್ರಿ ಅಂತ ನಾ ಹೇಳಿದ್ನೇನು?"

"ಯವ್ವಾ, ನಿಮ್ಮ ಒಳ್ಳೇದಕ್ಕs..."

"ನಾ ಹೇಳಿದ್ನೇನು, ಅಷ್ಟ ಹೇಳು."

"ಇಲ್ಲ" ಎಂದೆ.

ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಚೀಲ ಸಿಕ್ಕಿಸಿಕೊಂಡು ಬಸ್ ನಿಲ್ದಾಣದ ಕಡೆ ಓಡಿದಳು. ಅವರು ಟೆಂಪೋದಲ್ಲಿ ಸಿಂಧನೂರಿಗೆ ಹೋದರೆಂದು ತಿಳಿದು ಅಲ್ಲಿಯವರೆಗೂ ಹೋದಳು. ಮಧ್ಯಾಹ್ನ ಮೀರಿ ಬಂದವಳ ಕಾಲು ಮೊಣಕಾಲತನಕ ಧೂಳು.

"ಸಿಕ್ಕರೇನು?" ಎಂದೆ.

"ಸಿಕ್ಕಳು. ಎಲಿ ತಗೊಳ್ಳಲಿಲ್ಲ."

ಆ ಹಂಗಾಮಿಗೆ ಜಮೀನುದಾರ ಅರ್ಧ ಗದ್ದೆಗೆ ನಾಟಿ ಮಷೀನು ತರಿಸಿದ. ಉಳಿದರ್ಧಕ್ಕೆ ನಮ್ಮವರನ್ನು ಹಳೆಯ ಕೂಲಿಗೇ ಕರೆದ. ಒಂದು ಪಕ್ಷ ಗೆದ್ದೆವೆಂದು ಸಭೆ ಮಾಡಿತು, ಇನ್ನೊಂದು ಪಕ್ಷ ಅದನ್ನು ಖಂಡಿಸಿ ಸಭೆ ಮಾಡಿತು. ಅವ್ವ ಗುಂಪಿನ ಮುಂದಾಳುತನ ಬಿಟ್ಟಳು. ಗದ್ದೆಗೆ ಹೋಗುತ್ತಾಳೆ, ಎಲ್ಲರ ಜೊತೆ ಬಗ್ಗಿ ನಾಟಿ ಮಾಡುತ್ತಾಳೆ, ಕೂಲಿಯ ಮಾತಿಗೆ ಬಾಯಿ ಹಾಕುವುದಿಲ್ಲ. ಯಾರಾದರೂ ಕೇಳಿದರೆ "ನನ್ನ ಮಾತೇನೈತಿ ಬಿಡ್ರಿ" ಎನ್ನುತ್ತಾಳೆ. ನನಗೆ ಅದನ್ನು ಕೇಳಿಸಿಕೊಳ್ಳಲಾಗುವುದಿಲ್ಲ.

ನನಗೆ ವರ್ಗವಾಯಿತು. ಈಗ ಶಾಲೆ ಮನೆಯಿಂದ ಹತ್ತು ನಿಮಿಷದ ದಾರಿ. ಮಧ್ಯಾಹ್ನ ಊಟಕ್ಕೆ ಮನೆಗೇ ಬರುತ್ತೇನೆ. ಕೆಲಸವಿಲ್ಲದ ದಿನ ಅವ್ವ ಬಿಸಿ ರೊಟ್ಟಿ ತಟ್ಟಿ ಹಾಕುತ್ತಾಳೆ, ಸಾಕೆಂದರೂ ಇನ್ನೊಂದು ಹಾಕುತ್ತಾಳೆ.

ಮೊನ್ನೆ ಉಣ್ಣುತ್ತಿರುವಾಗ ಅಂಚೆಯವನು ಅವಳ ಹೆಸರಿನ ಲಕೋಟೆ ಕೊಟ್ಟು ಹೋದ. ಪಿಂಚಣಿಯದಿರಬೇಕು. ಎಡಗೈ ಚಾಚಿದೆ.

"ಕೊಡು ಯವ್ವಾ, ಏನಂತ ನೋಡ್ತೀನಿ."

"ನೀ ಉಣ್ಣು" ಎಂದಳು. ಲಕೋಟೆಯನ್ನು ಸೆರಗಿನಲ್ಲಿ ಒರೆಸಿ, ಚಪ್ಪಲಿ ಮೆಟ್ಟಿಕೊಂಡು, ಆ ಬಿಸಿಲಿನಲ್ಲಿ ಚಹಾದಂಗಡಿಯವನಿಂದ ಓದಿಸಲು ಹೊರಟಳು.