ಮೈಕಿಗೆ ತಾಗುವ ಮೀಸೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂರು ವಾರ ಒಬ್ಬ ಅನಾಮಿಕನನ್ನು ಬಾಯಿಗೆ ಬಂದಂತೆ ಬೈದೆ. ಆಮೇಲೆ ನೋಡಿದರೆ ಆ ಮನುಷ್ಯ ನಾನೇ.

ತುಮಕೂರು ಪಕ್ಕದ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು ನಾನು. ಯಾವ ರ‍್ಯಾಕಿನಲ್ಲಿ ಯಾವ ಬೇರಿಂಗು, ಯಾವ ಡಬ್ಬದಲ್ಲಿ ಯಾವ ಅಳತೆಯ ಬೋಲ್ಟು ಅನ್ನುವುದೇ ನನ್ನ ಪಾಂಡಿತ್ಯ. ಮೊದಲೆಲ್ಲ ಅದಕ್ಕೆ ಒಂದು ರಿಜಿಸ್ಟರು ಸಾಕಿತ್ತು. ಈಗ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಕಂಪ್ಯೂಟರಿನ ಮುಂದೆ ಕೂತು, ಬೇರೆ ಬೇರೆ ಊರಿನ ಹನ್ನೊಂದು ಜನಕ್ಕೆ ವರದಿ ಒಪ್ಪಿಸಬೇಕು. ಇದಕ್ಕೆಂದೇ ಎಲ್ಲರಿಗೂ ಒಂದೊಂದು ಹೆಡ್‌ಫೋನು ಬಂತು. ಎಡಗಿವಿಯಿಂದ ಹೊರಟ ಒಂದು ಕಡ್ಡಿ ಬಾಯಿಯ ಮುಂದೆ ಬಂದು ನಿಲ್ಲುತ್ತದೆ. ತುದಿಯಲ್ಲಿ ಅವರೆಕಾಳಿನಷ್ಟು ಮೈಕು. ಮೊದಲ ದಿನ ಅದನ್ನು ಹಾಕಿಕೊಂಡಾಗ ನನಗೆ ವಿಮಾನ ಹಾರಿಸುವವನ ಗತ್ತು ಬಂದಿದ್ದು ಸುಳ್ಳಲ್ಲ.

ಎರಡನೆಯ ದಿನದಿಂದ ಮೀಟಿಂಗಿನಲ್ಲಿ ದೂರು ಶುರುವಾಯಿತು. ಯಾರೋ ಖರಖರ ಅನ್ನಿಸುತ್ತಿದ್ದಾರೆ. ಒಬ್ಬರಿಗೆ ಅದು ಕಡ್ಡಿಪೊರಕೆಯಲ್ಲಿ ಅಂಗಳ ಗುಡಿಸಿದ ಹಾಗೆ, ಇನ್ನೊಬ್ಬರಿಗೆ ಯಾರೋ ಕದ್ದು ಚಕ್ಕುಲಿ ತಿಂದ ಹಾಗೆ. ನನಗಂತೂ ಏನೂ ಕೇಳಿಸುತ್ತಿರಲಿಲ್ಲ. ನಮ್ಮ ಸದ್ದು ನಮಗೆ ಕೇಳಿಸದ ಹಾಗೆ ಆ ಯಂತ್ರವನ್ನು ಮಾಡಿಟ್ಟಿದ್ದಾರೆ. ಹಾಗಾಗಿ ನಾನೂ ಎಲ್ಲರ ಜೊತೆ ಸೇರಿಕೊಂಡು, "ಯಾರ್ರೀ ಅದು? ಸ್ವಲ್ಪ ಮ್ಯೂಟ್ ಮಾಡ್ಕೊಳ್ರೀ, ಮರ್ಯಾದೆ ಬೇಡ್ವಾ?" ಎಂದು ಗದರಿಸುತ್ತಿದ್ದೆ. ಹಾಗೆ ಗದರಿಸುವಾಗಲೇ ಸದ್ದು ಎಲ್ಲಕ್ಕಿಂತ ಜೋರಾಗಿ ಬರುತ್ತಿತ್ತಂತೆ. ಕೊನೆಗೆ ಒಂದು ಮದುವೆಗೆಂದು ನಾನು ರಜಾ ಹಾಕಿದ ದಿನ ಮೀಟಿಂಗು ತಣ್ಣಗೆ ನಡೆಯಿತು. ಕಳ್ಳ ಸಿಕ್ಕಿಬಿದ್ದ.

ನನ್ನ ಮೀಸೆ ಸ್ವಲ್ಪ ದಪ್ಪ. ತುದಿಗಳು ಮೇಲೂ ಹೋಗದೆ ಕೆಳಗೂ ಇಳಿಯದೆ ನೇರ ಮುಂದಕ್ಕೆ ನುಗ್ಗುವ ಜಾತಿಯವು. ಬಾಯಿ ಆಡಿದಂತೆಲ್ಲ ಅವು ಮೈಕನ್ನು ಗುಡಿಸುತ್ತವೆ. ಕಡ್ಡಿಯನ್ನು ಗದ್ದದ ಕೆಳಗಿಳಿಸಿದೆ. ನನ್ನ ದನಿ ಹೋಗಿ ಪಕ್ಕದ ಕಂಪ್ರೆಸರಿನ ದನಿ ಬಂತು. ಮೂಗಿನ ಹತ್ತಿರ ಏರಿಸಿದೆ. ಎಮ್ಮೆ ಉಸಿರು ಬಿಟ್ಟ ಹಾಗೆ ಕೇಳಿತಂತೆ. ಮೈಕಿಗೆ ಸ್ಪಂಜಿನ ಟೋಪಿ ತೊಡಿಸಿದೆ. ಕಂಬಳಿ ಹೊದ್ದು ಮಾತಾಡುತ್ತಿದ್ದೀರಾ ಎಂದು ಕೇಳಿದರು. ಬೇರೆ ಥರದ ಹೆಡ್‌ಫೋನು ಕೊಡಿ ಅಂದರೆ, ಎಲ್ಲರಿಗೂ ಒಂದೇ ಮಾದರಿ ಅನ್ನುವುದು ನಿಯಮವಂತೆ. ಮೀಟಿಂಗು ನಡೆಸುವ ಮೇಡಂ ಒಂದು ಶುಕ್ರವಾರ ತೀರ್ಪು ಕೊಟ್ಟರು: "ಸರ್, ತುಂಬಾ ಸಿಂಪಲ್. ಮೀಸೆ ತೆಗೆದು ಕ್ಲೀನ್ ಶೇವ್ ಮಾಡ್ಕೊಂಡ್ಬಿಡಿ. ಇಲ್ಲಾಂದ್ರೆ ಸೋಮವಾರದಿಂದ ನಿಮ್ಮ ರಿಪೋರ್ಟು ಬೇರೆಯವರು ಓದ್ಲಿ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚಪ್ಪಲಿ ಕಚ್ಚಿದರೆ ಚಪ್ಪಲಿ ಬದಲಾಯಿಸುತ್ತೇವೆಯೇ ಹೊರತು ಕಾಲು ಕೆತ್ತಿಸಿಕೊಳ್ಳುತ್ತೇವಾ? ಕಿವಿಗೆ ಹಾಕಿಕೊಳ್ಳುವ ಸಾಮಾನು ಮುಖ ಹೇಗಿರಬೇಕೆಂದು ಅಪ್ಪಣೆ ಕೊಡುವುದೆಂದರೇನು?

ಮೀಸೆಯೇನು ನಿನ್ನೆ ಮೊನ್ನೆಯ ವಸ್ತುವಲ್ಲ. ನಮ್ಮ ಕಡೆ ಕೆರೆ ಏರಿಗಳ ಮೇಲಿನ ವೀರಗಲ್ಲು ನೋಡಿ. ಮೂಗು ಸವೆದುಹೋದ ವೀರನಿಗೂ ಮೀಸೆಯ ಒಂದು ಗೆರೆ ಉಳಿದಿರುತ್ತದೆ. ಕ್ಯಾಲೆಂಡರಿನ ದೇವರುಗಳು ನುಣ್ಣಗಿರಬಹುದು, ಆದರೆ ಊರ ಗಡಿ ಕಾಯುವ ದೇವರಿಗೆ ಮೀಸೆ ಇಲ್ಲದಿದ್ದರೆ ಯಾರೂ ಹೆದರುವುದಿಲ್ಲ. ಇನ್ನು ನಮ್ಮ ಗುಬ್ಬಿ ನಾಟಕದ ಊರು. ನನ್ನ ಚಿಕ್ಕಪ್ಪನಿಗೆ ಹುಟ್ಟುಮೀಸೆ ಸರಿಯಾಗಿ ಬರದಿದ್ದರೂ ರಾಜನ ಪಾರ್ಟೇ ಬೇಕು. ಅಂಟಿನ ಮೀಸೆ ಒಮ್ಮೆ ದರ್ಬಾರಿನ ಮಧ್ಯೆ ಅರ್ಧ ಕಳಚಿತು. ಅವನು ತಕ್ಷಣ ಅದರ ಮೇಲೆ ಕೈಯಿಟ್ಟವನು ಇಡೀ ಸೀನು ಕೈ ತೆಗೆಯಲಿಲ್ಲ. ಜನ ಅದನ್ನು ಗರ್ವವೆಂದು ತಿಳಿದು ಶಿಳ್ಳೆ ಹೊಡೆದರು. ಅಂಟಿಸಿಕೊಂಡ ಮೀಸೆಯನ್ನೇ ಅವನು ಬಿಟ್ಟುಕೊಡಲಿಲ್ಲ, ನನ್ನದು ಸ್ವಂತದ್ದು.

ಆದರೆ ಇವೆಲ್ಲ ಮೇಲಿನ ಮಾತು. ಒಳಗಿನ ಕಾರಣ ಬೇರೆಯೇ ಇದೆ. ನಮ್ಮ ಕಡೆ ಅಪ್ಪ ಬದುಕಿರುವಾಗ ಮಗ ಮೀಸೆ ತೆಗೆಸುವುದಿಲ್ಲ. ಅಪ್ಪ ತೀರಿಕೊಂಡು, ಅವರ ಕಾರ್ಯಕ್ಕೆ ಕೂರುವ ದಿನವೇ ಅದು ಇಳಿಯುವುದು. ಬೋಳು ತುಟಿ ಕಂಡರೆ ಊರಿನವರಿಗೆ ಬೇರೆ ಪತ್ರ ಬೇಕಾಗಿಲ್ಲ.

ಕುಣಿಗಲ್ಲಿನಲ್ಲಿರುವ ನನ್ನ ಅಕ್ಕನ ಗಂಡ ಇದನ್ನು ಅನುಭವಿಸಿದವರು. ಮಾತಿನ ಭರದಲ್ಲಿ ಕ್ಷೌರದವನು ಭಾವನ ಮೀಸೆಯ ಎಡಗಡೆ ಒಂಚೂರು ಹೆಚ್ಚು ಕತ್ತರಿಸಿದ. ಸಮ ಮಾಡಲು ಬಲಗಡೆ ಕತ್ತರಿಸಿದ. ಮತ್ತೆ ಎಡ, ಮತ್ತೆ ಬಲ, ಕೊನೆಗೆ ಏನೂ ಉಳಿಯಲಿಲ್ಲ. ಭಾವ ತರಕಾರಿ ಚೀಲ ಹಿಡಿದು ಬಸ್‌ಸ್ಟ್ಯಾಂಡಿನ ಮುಂದೆ ಹಾದು ಬರುವಾಗ ಮಾರ್ಕೋನಹಳ್ಳಿ ಕಡೆಯ ಹಿರಿಯ ನೆಂಟರೊಬ್ಬರು ಎದುರಾದರು. ತುಟಿ ನೋಡಿದವರೇ ಎರಡೂ ಕೈ ಹಿಡಿದುಕೊಂಡು, "ಹೋಗ್ಬುಟ್ರೇನ್ಲಾ? ನಮ್ಗೊಂದು ಮಾತು ಹೇಳ್ಬಾರ್ದಾಗಿತ್ತಾ?" ಎಂದು ಅತ್ತೇಬಿಟ್ಟರು. ಭಾವ ಬಾಯಿ ತೆರೆಯುವಷ್ಟರಲ್ಲಿ ಅವರು ಫೋನು ತೆಗೆದಿದ್ದರು. ಭಾವ ಮನೆ ಮುಟ್ಟುವ ಹೊತ್ತಿಗೆ ಬಾಗಿಲಲ್ಲಿ ಒಂದು ಆಟೋ ತುಂಬ ಜನ, ಅವರ ಕೈಯಲ್ಲಿ ಆಳುದ್ದದ ಹೂವಿನ ಹಾರ. ಜಗಲಿಯ ಮೇಲೆ ಅವರ ಅಪ್ಪ ಅವರೆಕಾಯಿ ಸುಲಿಯುತ್ತಾ ಕೂತಿದ್ದಾರೆ. "ಯಾರ್ಗ್ರಪ್ಪಾ ಹಾರ?" ಎಂದು ಅವರು ಕೇಳಿದರು. ಹಾರವನ್ನು ಬಾಗಿಲಿಗೆ ಕಟ್ಟಿ, ಬಂದವರೆಲ್ಲ ಊಟ ಮಾಡಿಕೊಂಡು ಹೋದರು. ಭಾವ ಒಂದು ತಿಂಗಳು ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಓಡಾಡಿದರು.

ನನ್ನ ಅಪ್ಪನಿಗೆ ಎಂಬತ್ತಾರು. ಕಡಬದವರು, ಈಗ ಗುಬ್ಬಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾರೆ. ದಿನಾ ಎರಡು ಮುದ್ದೆ ಉಣ್ಣುತ್ತಾರೆ, ಮೊಮ್ಮಕ್ಕಳ ಜೊತೆ ಜಗಳವಾಡುತ್ತಾರೆ. ಭಾನುವಾರ ತುಮಕೂರಿನಿಂದ ಬಸ್ಸು ಹತ್ತಿ ಅಲ್ಲಿಗೆ ಹೋದೆ. ನಿಜ ಹೇಳಬೇಕೆಂದರೆ, ನನ್ನ ಪರವಾಗಿ ಅಪ್ಪ ಗುಡುಗಲಿ ಅಂತಲೇ ಹೋಗಿದ್ದು. "ಯಾವೋಳ್ಲಾ ಅವ್ಳು?" ಎಂದು ಅವರು ಒಂದು ಸಲ ಅಂದಿದ್ದರೆ ಸಾಕಿತ್ತು, ಸೋಮವಾರ ಅದನ್ನೇ ಸ್ವಲ್ಪ ತೊಳೆದು ಮೇಡಂಗೆ ಒಪ್ಪಿಸುತ್ತಿದ್ದೆ. ಅಪ್ಪ ಎಲ್ಲ ಕೇಳಿಸಿಕೊಂಡು, "ತಗ್ಸ್ ಬುಡು" ಅಂದರು.

"ಅಪ್ಪಾ, ನೀನೇ ಹಿಂಗಂದ್ರೆ ಹೆಂಗೆ?"

"ನಾನಿರೋದು ನಿನ್ನ ಮೂಗಿನ ಕೆಳ್ಗೇನ್ಲಾ? ಯಾರಾರ ಕೇಳುದ್ರೆ ನನ್ನತ್ರ ಕಳ್ಸು, ಬದ್ಕಿದೀನಿ ಅಂತ ನಾನೇ ಹೇಳ್ತೀನಿ." ತಮ್ಮ ಬಿಳಿ ಮೀಸೆ ಸವರಿಕೊಂಡು ಅಂದರು: "ನಮ್ಮಪ್ಪ ಹೋದಾಗ ತಗ್ಸಿದ್ದೆ ಕಣ್ಲಾ. ಗಾಳಿ ಬಂದ್ರೆ ತುಟಿ ಚಳಿ ಆಗೋದು. ಮತ್ತೆ ಬೆಳೆದ್ರೂ ಆ ಚಳಿ ಹೋಗ್ಲಿಲ್ಲ."

ಅಪ್ಪಣೆ ಸಿಕ್ಕಿತಲ್ಲ. ಅಲ್ಲಿಂದ ನೇರ ಗುಬ್ಬಿಯ ಒಂದು ಸಲೂನಿಗೆ ಹೋಗಿ ಕುರ್ಚಿಯಲ್ಲಿ ಕೂತೆ. ಕ್ಷೌರದವನು ಕೊರಳಿಗೆ ಬಟ್ಟೆ ಕಟ್ಟಿ, ಮೂಗಿನ ಕೆಳಗೆಲ್ಲ ನೊರೆ ಹಚ್ಚಿದ. ಆ ನೊರೆ ತಣ್ಣಗಿತ್ತು. ಕನ್ನಡಿಯಲ್ಲಿ ಬಿಳಿ ಮೀಸೆಯ ಅಪ್ಪನ ಮುಖವೇ ನನ್ನನ್ನು ನೋಡುತ್ತಿತ್ತು. ನನಗೆ ಭಯವಾಯಿತು. ಐವತ್ನಾಲ್ಕು ವರ್ಷದ ಗಂಡಸು, ಮೊಮ್ಮಗು ಬರುವ ಹೊತ್ತು, ಆದರೂ ಭಯವಾಯಿತು. "ಗಡ್ಡ ಮಾತ್ರ ಮಾಡಪ್ಪ, ಮೀಸೆ ಮುಟ್ಟಬೇಡ" ಅಂದೆ.

ಸೋಮವಾರ ಮೇಡಂ ಪರದೆಯ ಮೇಲೆ ನನ್ನ ಮುಖ ನೋಡಿ, "ಸರ್, ಇನ್ನೂ ಹಾಗೇ ಇದೆಯಲ್ಲ?" ಎಂದರು.

"ಹೌದು ಮೇಡಂ. ಇರುತ್ತೆ."

"ಏನಾದ್ರೂ ಸಂಪ್ರದಾಯದ ಪ್ರಶ್ನೆನಾ? ಮನೇಲಿ ಹಿರಿಯರು ಬೇಡ ಅಂದ್ರಾ?"

"ಇಲ್ಲ ಮೇಡಂ, ನಮ್ಮಪ್ಪ ತೆಗಿ ಅಂದ್ರು. ನಾನೇ ತೆಗೆಯಲ್ಲ."

ಹನ್ನೊಂದು ಜನಕ್ಕೂ ಆ ಮಾತು ಖರಖರ ಸಮೇತ ತಲುಪಿತು. ಅಪ್ಪನ ಮಾತನ್ನು ನಾನು ಮೀರಿದ್ದು ಅದೇ ಮೊದಲು. ವರದಿ ಓದುವ ಕೆಲಸ ಪ್ರೊಡಕ್ಷನ್ನಿನ ಗೆಳೆಯನಿಗೆ ಹೋಯಿತು. ನುಣ್ಣನೆಯ ಮುಖ, ಗಂಟೆಯಂಥ ದನಿ. ಆದರೆ ಯಾವ ಪ್ರಶ್ನೆ ಕೇಳಿದರೂ "ಒಂದು ನಿಮಿಷ, ಅವರನ್ನ ಕೇಳಿ ಹೇಳ್ತೀನಿ" ಎಂದು ನನ್ನ ಬಳಿಗೆ ಓಡಿಬರುತ್ತಿದ್ದ. ನಾಲ್ಕನೆಯ ದಿನ ಅವನಿಗೇ ಸಾಕಾಯಿತು. ಗುರುವಾರ ಮೇಡಂ, "ಸರ್, ನೀವೇ ಓದಿ, ನಾವು ಅಡ್ಜಸ್ಟ್ ಮಾಡ್ಕೋತೀವಿ" ಅಂದರು.

ಈಗಲೂ ದಿನಾ ಓದುತ್ತಿದ್ದೇನೆ. ಬೇಕೆಂದೇ ಸ್ವಲ್ಪ ಜೋರಾಗಿ ಓದುತ್ತೇನೆ. ಖರಖರ ಇಲ್ಲದ ಒಂದು ಬೆಳಗು ಬಂದೇ ಬರುತ್ತದೆ. ಅದು ನನಗೂ ಗೊತ್ತು, ಅಪ್ಪನಿಗೂ ಗೊತ್ತು. ಅವತ್ತು ನನ್ನ ಮಾತು ಒಂದಕ್ಷರ ಬಿಡದೆ ಎಲ್ಲರಿಗೂ ಸ್ಪಷ್ಟವಾಗಿ ಕೇಳುತ್ತದೆ. ಅಷ್ಟು ಸ್ಪಷ್ಟವಾಗಿ ಕೇಳಿಸಿಕೊಳ್ಳುವ ಆತುರ ಯಾರಿಗಾದರೂ ಇದ್ದರೆ ಕಾಯಲಿ, ಸ್ವಾಮಿ. ನನ್ನ ಕೈಲಾದಷ್ಟು ವರ್ಷ ಕಾಯಿಸುತ್ತೇನೆ.