ವೇದಿಕೆ ಮೇಲಿರುವ ಗಣ್ಯರು

ಯಾರನ್ನೂ ಸುಲಭಕ್ಕೆ ನಂಬುವ ಅಭ್ಯಾಸ ನನಗಿಲ್ಲ. ತರಕಾರಿಯವನ ತಕ್ಕಡಿಯನ್ನೂ ಬಗ್ಗಿ ನೋಡುವವಳು ನಾನು. ಅಂಥವಳಿಗೆ ವೈಟ್‌ಫೀಲ್ಡಿನಲ್ಲಿ ಸಿಕ್ಕ ಕೆಲಸವೆಂದರೆ ದಿನವಿಡೀ ರಾಜಕಾರಣಿಗಳ ಭಾಷಣ ಕೇಳುವುದು. ರಸ್ತೆ ಮಧ್ಯೆ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳು ಅವು.

ಕನ್ನಡ ಎಂ.ಎ. ಮಾಡಿದ್ದ ನಾವು ಆರು ಜನ ಹೆಡ್‌ಫೋನ್ ಹಾಕಿಕೊಂಡು ಸಾಲಾಗಿ ಕೂರುತ್ತಿದ್ದೆವು. ಭಾಷಣವನ್ನು ತುಂಡು ತುಂಡು ಮಾಡಿ ಪ್ರತಿ ತುಂಡಿಗೂ ವಿಷಯದ ಗುರುತು ಹಾಕಬೇಕು: ನೀರು, ರಸ್ತೆ, ಕೆರೆ, ಉದ್ಯೋಗ, ವಿರೋಧಿಗಳಿಗೆ ಬೈಗುಳ. ನಮ್ಮ ಗುರುತುಗಳನ್ನು ನೋಡಿ ನೋಡಿ ಕಂಪ್ಯೂಟರ್ ಕಲಿಯುತ್ತದಂತೆ, ಮುಂದೆ ಸಾವಿರಾರು ಭಾಷಣಗಳನ್ನು ತಾನೇ ವಿಂಗಡಿಸುತ್ತದಂತೆ. ಯಾವ ನಾಯಕ ಯಾವುದರ ಬಗ್ಗೆ ಎಷ್ಟು ಮಾತಾಡುತ್ತಾನೆ ಎಂಬುದನ್ನು ಬಣ್ಣದ ಪಟ್ಟಿಗಳಲ್ಲಿ ತೋರಿಸುತ್ತದಂತೆ. ಇದೆಲ್ಲ ಯಾರಿಗೆ ಬೇಕು ಎಂದು ಮೊದಲ ವಾರವೇ ಕೇಳಿದೆ.

“ಕ್ಲೈಂಟ್ ಬಗ್ಗೆ ಕೇಳ್ಬೇಡಿ ಮೇಡಂ, ನಮಗೂ ಗೊತ್ತಿಲ್ಲ,” ಎಂದ ಟೀಮ್ ಲೀಡರ್.

ಅವನಿಗೆ ಗೊತ್ತಿತ್ತು ಎಂದೇ ಇಂದಿಗೂ ನನ್ನ ಗುಮಾನಿ. ಗೊತ್ತಿಲ್ಲದವರು ಅಷ್ಟು ಬೇಗ ಉತ್ತರ ಕೊಡುವುದಿಲ್ಲ. ಫೋನು ಬಾಗಿಲ ಬಳಿಯ ಲಾಕರಿನಲ್ಲಿ ಇಡಬೇಕು, ಮೂಲ ಧ್ವನಿಯನ್ನು ಪ್ರತಿ ಶನಿವಾರ ಅಳಿಸಿಬಿಡಬೇಕು ಎಂಬ ನಿಯಮಗಳಿಂದ ನನ್ನ ಅನುಮಾನ ಇನ್ನಷ್ಟು ಹೆಚ್ಚಿತು.

ಇನ್ನೊಂದು ನಿಯಮದ ಬಗ್ಗೆ ಮಾತ್ರ ನನಗೆ ಅನುಮಾನ ಬರಲಿಲ್ಲ. ನಮ್ಮಲ್ಲಿ ಯಾವ ಭಾಷಣವೂ ನೇರವಾಗಿ ಶುರುವಾಗುವುದಿಲ್ಲವಲ್ಲ. ವೇದಿಕೆ ಮೇಲಿರುವ ಗಣ್ಯರಿಂದ ಹಿಡಿದು ಶಾಮಿಯಾನ ಹಾಕಿಸಿದವರವರೆಗೆ ಒಬ್ಬೊಬ್ಬರ ಹೆಸರನ್ನೂ ದೊಡ್ಡಸ್ತಿಕೆಯನ್ನೂ ಹೇಳಿ ಮುಗಿಸುವಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ. ಒಂದು ಹೆಸರು ಬಿಟ್ಟರೂ ಮುನಿಸು. ಅದರಲ್ಲಿ ವಿಷಯವಿಲ್ಲ, ಕಂಪ್ಯೂಟರಿಗೆ ಗೊಂದಲವಾಗುತ್ತದೆ, ಕೇಳದೆಯೇ ಕತ್ತರಿಸಿ ಎಂದಿದ್ದರು. ಪರದೆಯ ಮೇಲೆ ಧ್ವನಿಯ ಗೆರೆ ನೋಡಿದರೆ ಸಾಕು. ಹೆಸರು, ಚಪ್ಪಾಳೆ, ಹೆಸರು, ಚಪ್ಪಾಳೆ ಎಂದು ಗುಡ್ಡೆ ಗುಡ್ಡೆಯಾಗಿ ಕಾಣುತ್ತಿತ್ತು. ಗುಡ್ಡೆ ಮುಗಿದ ಕಡೆ ಕತ್ತರಿ. ಈ ಕೆಲಸದಲ್ಲಿ ನನ್ನಷ್ಟು ಚುರುಕು ಯಾರೂ ಇರಲಿಲ್ಲ, ಅದರ ಹೆಮ್ಮೆಯೂ ಇತ್ತು.

ಗದಗ ಕಡೆಯಿಂದ ಬಂದ ನಾವು ವರ್ತೂರಿನಾಚೆಯ ಒಂದು ವಠಾರದಲ್ಲಿದ್ದೆವು. ಗಂಡ ಫ್ಯಾಕ್ಟರಿಗೆ, ನಾನು ಆಫೀಸಿಗೆ. ಎಡಗಡೆ ಸ್ವಾಧೀನ ತಪ್ಪಿದ್ದ ಅತ್ತೆಯನ್ನು ಹಗಲು ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಿದ್ದಳು. ಮನೆಗಳ ಹಿಂದೆ ಕೆರೆಗೆ ಹೋಗುವ ಕಾಲುವೆಯಿತ್ತು. ಆ ಬೇಸಿಗೆಯಲ್ಲಿ ಯಾರೋ ಲಾರಿಗಟ್ಟಲೆ ಮಣ್ಣು ಸುರಿಸಿ ಅದನ್ನು ಮುಚ್ಚಿಸಿದರು. ಮಳೆ ಬಂದರೆ ಚರಂಡಿ ನೀರು ನುಗ್ಗುವುದು ನೇರ ಅತ್ತೆಯ ಮಂಚದ ಬುಡಕ್ಕೆ. ಮಳೆಗಾಲಕ್ಕೆ ಮೊದಲು ಆ ಮಣ್ಣು ತೆಗೆಸಲೇಬೇಕಿತ್ತು.

ನಮ್ಮ ವಠಾರದ ಓನರ್ ಅದೇ ಊರಿನ ಹಳೇ ಒಕ್ಕಲು ಮನೆತನದವರು. ಮಣ್ಣು ಸುರಿಸಿದವರನ್ನು ನಮ್ಮೆದುರು ನಿಂತು ಬಾಯಿಗೆ ಬಂದಂತೆ ಬೈದರು. “ಇಂಗೆ ಮಣ್ ಸುರಿದ್ರೆ ನೀರ್ ಎಲ್ಲಿಗೆ ಓಗ್ಬೇಕು? ಒಂದ್ ಅರ್ಜಿ ಬರ್ಕೊಡ್ರಮ್ಮ, ನಮ್ ಲೀಡ್ರಿಗೆ ನಾನೇ ಕೊಡ್ತೀನಿ.”

ಅರ್ಜಿ ಬರೆದವಳು ನಾನೇ. ವಠಾರದ ಎಂಟೂ ಮನೆಯವರು ಸಹಿ ಹಾಕಿದೆವು. ಅತ್ತೆಗೆಂದು ವಾರಕ್ಕೊಮ್ಮೆ ನುಗ್ಗೆಸೊಪ್ಪು ತಂದುಕೊಡುತ್ತಿದ್ದ ಓನರನ್ನು ಹೇಗೆ ಅನುಮಾನಿಸುವುದು?

ಓನರ್ ಹೇಳಿದ ಆ ಲೀಡರ್ ನಮ್ಮ ಭಾಗದ ರಾಜಕಾರಣಿ, ಅವನ ಭಾಷಣಗಳೂ ನನ್ನ ಪಾಲಿಗೇ ಬರುತ್ತಿದ್ದವು. ಒಂದು ದಿನ ಕಂಪ್ಯೂಟರ್ ತನ್ನ ಮೊದಲ ಪಟ್ಟಿ ಹಾಕಿತು. ಕೆರೆ, ಕಾಲುವೆಗಳ ಬಗ್ಗೆ ಎಲ್ಲರಿಗಿಂತ ಹೆಚ್ಚು ಮಾತಾಡುವವನು ಅವನೇ. ಅರ್ಜಿ ಸರಿಯಾದ ಕೈಗೇ ಹೋಗಿದೆ ಎಂದು ಒಂದು ಗಳಿಗೆ ಖುಷಿಯಾಯಿತು. ಮರುಗಳಿಗೆಯಲ್ಲೇ ನನ್ನ ಬುದ್ಧಿ ಬಿಡಬೇಕಲ್ಲ. ಯಂತ್ರವೇ ತಪ್ಪಿರಬೇಕು ಎನ್ನಿಸಿ, ಅಳಿಸದೆ ಉಳಿದಿದ್ದ ಆ ವಾರದ ಭಾಷಣವನ್ನು ತೆರೆದು ಮೊದಲಿನಿಂದ ಕೇಳಿದೆ.

ಐದನೆಯದೋ ಆರನೆಯದೋ ಹೆಸರು ನಮ್ಮ ಓನರ್‌ದು.

“ಪಾಳು ಬಿದ್ದಿದ್ದ ಕಾಲುವೆಯನ್ನ ಮುಂದೆ ನಿಂತು ಮುಚ್ಚಿಸಿ, ನಮ್ಮ ಹೊಸ ಲೇಔಟಿಗೆ ದಾರಿ ಮಾಡಿಕೊಟ್ಟಂಥ ಹಿರಿಯರು,” ಎಂದು ಲೀಡರ್ ಹೊಗಳಿದ. ಜೋರು ಚಪ್ಪಾಳೆ. ಆಮೇಲೆ ಅರ್ಧ ಗಂಟೆ ಕೆರೆ ಉಳಿಸುವ ಮಾತು. ಯಂತ್ರ ಒಂದು ಅಕ್ಷರವೂ ತಪ್ಪಿರಲಿಲ್ಲ.

ಹೆಡ್‌ಫೋನ್ ಕಿತ್ತಿಟ್ಟೆ. ಟೀಮ್ ಲೀಡರನ ಹತ್ತಿರ ಹೋಗಿ, “ಈ ಸ್ವಾಗತದ ಭಾಗ ಕತ್ತರಿಸಬಾರದು. ಯಾರ್ಯಾರನ್ನ ಹೊಗಳ್ತಾನೆ ಅನ್ನೋದೇ ವಿಷಯ,” ಎಂದೆ.

“ಗುರುತಿನ ಪಟ್ಟಿಯಲ್ಲಿ ಗಣ್ಯರಿಗೆ ಅಂತ ಬಾಕ್ಸ್ ಇಲ್ಲ ಮೇಡಂ. ಕಟ್ ಮಾಡಿ.”

ಶನಿವಾರ ಆ ಫೈಲೂ ಹೋಯಿತು. ಅದಕ್ಕೂ ಮೊದಲು ನಾಲ್ಕು ತಿಂಗಳು ಅದೇ ಲೀಡರನ ಗಣ್ಯರನ್ನೆಲ್ಲ ಕೇಳದೆ ಕತ್ತರಿಸಿದವಳು ನಾನು. ಆ ಕತ್ತರಿಸಿದ ತುಂಡುಗಳಲ್ಲಿ ಎಷ್ಟರಲ್ಲಿ ನಮ್ಮ ಓನರ್ ಇದ್ದರೋ, ಮಣ್ಣು ಬೀಳುವ ಮೊದಲೇ ಎಷ್ಟು ಸಲ ಇದ್ದರೋ.

ಭಾನುವಾರ ಅವರನ್ನೇ ಕೇಳಿದೆ. “ಕಾಲುವೆ ಮುಚ್ಚಿಸಿದಾವ್ರು ನೀವ ಅಂತಲ್ರೀ?”

ಅವರ ಮುಖದಲ್ಲಿ ಏನೂ ಅಲುಗಲಿಲ್ಲ. “ಯಾರಂದ್ರು? ತೋರ್ಸಮ್ಮ.”

ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ವಠಾರದವರಿಗೆ ಹೇಳಿದೆ, ಯಾರೂ ನಂಬಲಿಲ್ಲ. ಹಾಲಿನವನಿಂದ ಹಿಡಿದು ಮೀಟರ್ ನೋಡುವವನವರೆಗೆ ಎಲ್ಲರನ್ನೂ ಕಳ್ಳರೆನ್ನುತ್ತಿದ್ದವಳು ನಾನು. ನನ್ನ ಇನ್ನೊಂದು ಅನುಮಾನಕ್ಕೆ ಬೆಲೆ ಏನು? ಗಂಡ ಕೂಡ, “ಸುಮ್ನಿರು, ಮನಿ ಬಿಡಸ್ತಾರ,” ಎಂದ.

ಅರ್ಜಿ ಏನಾಯಿತೋ, ಮಣ್ಣು ಇದ್ದಲ್ಲೇ ಇತ್ತು. ಜೂನ್ ತಿಂಗಳ ಒಂದು ಮಳೆಯ ಬೆಳಿಗ್ಗೆ, ಗಂಡ ಶಿಫ್ಟಿಗೆ ಹೋಗಿದ್ದಾಗ, ನೀರು ನುಗ್ಗಿತು. ಕಪ್ಪು ನೀರು, ಮೊಣಕಾಲಿನವರೆಗೆ. ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಒಬ್ಬಳೇ ಎತ್ತಲಾರದೆ ಕೂಗಿದೆ. ಮೊದಲು ಓಡಿ ಬಂದವರು ಓನರ್. ಪಂಚೆ ಎತ್ತಿ ಕಟ್ಟಿ ಕುರ್ಚಿಯ ಇನ್ನೊಂದು ಬದಿ ಹಿಡಿದರು.

“ಜೋಪಾನ ಕಣಮ್ಮ, ಮೆಲ್ಲಗೆ.”

“ನೀ ದೇವರಂಥಾಂವ ಯಪ್ಪಾ,” ಎಂದು ಅತ್ತೆ ಸ್ವಾಧೀನವಿದ್ದ ಕೈಯಿಂದ ಅವರ ಭುಜ ಹಿಡಿದುಕೊಂಡರು.

ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಜಗಳ, ಜಗಳವಾದರೆ ಕುರ್ಚಿ ಜಾರುತ್ತಿತ್ತು. ಇಬ್ಬರೂ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದು ಅತ್ತೆಯನ್ನು ರಸ್ತೆ ಮುಟ್ಟಿಸಿದೆವು.